ಎಲೆಯಿಂದ ಎಣ್ಣೆ: ಗಿಡ ನೆಡುವ ಮೊದಲು ಹಂಡೆಯ ಲೆಕ್ಕ

ಮಜ್ಜಿಗೆ ಹುಲ್ಲನ್ನು ಹಂದಿ ಅಗೆಯುವುದಿಲ್ಲ, ಮಂಗ ಮುಟ್ಟುವುದಿಲ್ಲ. ದನ ಕೂಡ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಚಾರ್ಮಾಡಿ ತಪ್ಪಲಿನ ನೆರಿಯದಂಥ ಊರಲ್ಲಿ ಕೃಷಿ ಮಾಡುವವರ ಕಿವಿ ನೆಟ್ಟಗಾಗಲು ಇಷ್ಟು ಸಾಕು. ಬಾಳೆ ನೆಟ್ಟರೆ ಆನೆಗೆ, ಗೆಣಸು ನೆಟ್ಟರೆ ಹಂದಿಗೆ, ಕೊಕ್ಕೋ ಕಾಯಿ ಬಿಟ್ಟರೆ ಮಂಗ-ಅಳಿಲಿಗೆ ಎಂದು ಬೇಸತ್ತವರಿಗೆ, ಕಾಡುಪ್ರಾಣಿ ತಿನ್ನದ ಬೆಳೆ ಎಂದರೆ ಅರ್ಧ ಗೆದ್ದ ಹಾಗೆ.

ಉಳಿದ ಅರ್ಧ ಎಲ್ಲಿದೆ? ಹಂಡೆಯಲ್ಲಿ ಮತ್ತು ಮಾರುಕಟ್ಟೆಯಲ್ಲಿ. ಸುಗಂಧ ಎಣ್ಣೆಯ ಬೆಳೆಗಳ ಬಗ್ಗೆ ಬರುವ ಮಾತುಗಳಲ್ಲಿ ನೆಡುವ ಕ್ರಮ, ಗೊಬ್ಬರ, ಎಕ್ರೆಗೆ ಇಷ್ಟು ಸಾವಿರ ಲಾಭ ಎಂಬುದೆಲ್ಲ ಧಾರಾಳವಾಗಿ ಸಿಗುತ್ತದೆ. ಆದರೆ ಕೊಯ್ದ ಸೊಪ್ಪನ್ನು ಎಲ್ಲಿ ಬೇಯಿಸುವುದು, ಎಷ್ಟು ನೀರು ಬೇಕು, ಎಷ್ಟು ಕಟ್ಟಿಗೆ, ಹಂಡೆ ವರ್ಷದಲ್ಲಿ ಎಷ್ಟು ದಿನ ಉರಿಯುತ್ತದೆ ಎಂಬ ಲೆಕ್ಕ ಸಿಗುವುದು ಕಡಿಮೆ. ಅಡಿಕೆಗೆ ಹಳದಿ ರೋಗ, ಎಲೆಚುಕ್ಕಿ ರೋಗ ಎಂದು ಹೆದರಿ ಬದಲಿ ಬೆಳೆ ಹುಡುಕುತ್ತಿರುವ ಸಣ್ಣ ಹಿಡುವಳಿದಾರರಿಗೆ ಮೊದಲು ಬೇಕಾದದ್ದು ಈ ಲೆಕ್ಕ.

ಎಣ್ಣೆ ಬರುವುದು ಹೇಗೆ?

ತೆಂಗಿನೆಣ್ಣೆಯ ಹಾಗೆ ಇದನ್ನು ಗಾಣಕ್ಕೆ ಹಾಕಿ ಹಿಂಡಲು ಬರುವುದಿಲ್ಲ. ಎಲೆಯೊಳಗಿನ ಅತಿ ಸಣ್ಣ ಚೀಲಗಳಲ್ಲಿ, ಕೆಲವು ಗಿಡಗಳಲ್ಲಿ ಎಲೆಯ ಮೇಲಿನ ರೋಮಗಳಲ್ಲಿ, ಈ ಎಣ್ಣೆ ಕೂತಿರುತ್ತದೆ. ತೆಂಗಿನೆಣ್ಣೆ ಕಾಗದಕ್ಕೆ ಬಿದ್ದರೆ ಜಿಡ್ಡು ಉಳಿಯುತ್ತದೆ. ಇದು ಹಾರಿಹೋಗುತ್ತದೆ. ಹಾರುವ ಗುಣ ಇರುವುದರಿಂದಲೇ ಇದನ್ನು ತೆಗೆಯಲು ಸಾಧ್ಯ.

ಈ ಎಣ್ಣೆಗಳನ್ನು ಒಂದೊಂದನ್ನೇ ಕುದಿಸಲು ಹೊರಟರೆ 200 ಡಿಗ್ರಿಗೂ ಹೆಚ್ಚು ಶಾಖ ಬೇಕು. ಅಷ್ಟು ಹೊತ್ತಿಗೆ ಸುಟ್ಟು ಕರಿಯಾಗುತ್ತದೆ. ಆದರೆ ನೀರಿನ ಆವಿಯ ಜೊತೆ ಸೇರಿದರೆ 100 ಡಿಗ್ರಿಗಿಂತ ಸ್ವಲ್ಪ ಕೆಳಗೇ ಎಣ್ಣೆಯೂ ಆವಿಯಾಗಿ ಮೇಲೇಳುತ್ತದೆ. ಎರಡೂ ಒಟ್ಟಿಗೆ ಕೊಳವೆಯಲ್ಲಿ ಹೋಗಿ ತಣ್ಣೀರಿನಲ್ಲಿ ತಣಿದರೆ ಮತ್ತೆ ನೀರು ಮತ್ತು ಎಣ್ಣೆಯಾಗುತ್ತವೆ. ನೀರಿಗೂ ಎಣ್ಣೆಗೂ ಹೊಂದಿಕೆ ಇಲ್ಲದ ಕಾರಣ ಪಾತ್ರೆಯಲ್ಲಿ ಎರಡು ಪದರವಾಗಿ ನಿಲ್ಲುತ್ತವೆ. ಇಷ್ಟೇ ವಿದ್ಯೆ.

ನಮ್ಮ ತುಳುನಾಡಿಗೆ ಇದು ಹೊಸತೂ ಅಲ್ಲ. ಹಿಂದೆ ಗುಡ್ಡೆಯ ಮರೆಯಲ್ಲಿ ಗೇರುಹಣ್ಣಿನಿಂದ ಗಂಗಸರ ಇಳಿಸುತ್ತಿದ್ದವರಿಗೆ ಹಂಡೆ, ಕೊಳವೆ, ತಣ್ಣೀರು ಮೂರರ ಮರ್ಮವೂ ಗೊತ್ತಿತ್ತು. ಉತ್ತರ ಪ್ರದೇಶದ ಕನೌಜ್‌ನಲ್ಲಿ ತಾಮ್ರದ ಹಂಡೆಗೆ ಮಣ್ಣು ಮೆತ್ತಿ, ಬಿದಿರಿನ ಕೊಳವೆ ಸಿಕ್ಕಿಸಿ ಇವತ್ತಿಗೂ ಅತ್ತರು ತೆಗೆಯುತ್ತಾರೆ. ನಮ್ಮ ರಾಜ್ಯದಲ್ಲಿ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ 1916ರಲ್ಲಿ ಶುರುವಾದದ್ದು. ಅಲ್ಲಿ ಬೇಯುವುದು ಮರದ ಪುಡಿ, ನಮ್ಮ ಹಂಡೆಯಲ್ಲಿ ಬೇಯುವುದು ಸೊಪ್ಪು. ತತ್ವ ಒಂದೇ.

ಮೂರು ಬಗೆಯ ಹಂಡೆ

ಮೊದಲನೆಯದು, ನೀರಿನಲ್ಲೇ ಸೊಪ್ಪು ಮುಳುಗಿಸಿ ಕುದಿಸುವುದು. ಖರ್ಚು ಕಡಿಮೆ. ಆದರೆ ಸೊಪ್ಪು ತಳ ಹಿಡಿದು ಎಣ್ಣೆಗೆ ಸುಟ್ಟ ವಾಸನೆ ಬರುವ ಅಪಾಯ ಇದೆ.

ಎರಡನೆಯದು, ಇಡ್ಲಿ ಅಟ್ಟದ ಕ್ರಮ. ಹಂಡೆಯ ತಳದಲ್ಲಿ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಸೊಪ್ಪು. ಕೆಳಗೆ ಕಟ್ಟಿಗೆ ಉರಿ. ಹಳ್ಳಿಯ ಸಣ್ಣ ಘಟಕಗಳಿಗೆ ಸಾಮಾನ್ಯವಾಗಿ ಸರಿಹೊಂದುವುದು ಇದೇ.

ಮೂರನೆಯದು, ಬೇರೆ ಬಾಯ್ಲರಿನಲ್ಲಿ ಆವಿ ತಯಾರಿಸಿ ಸೊಪ್ಪಿನ ಹಂಡೆಗೆ ಬಿಡುವುದು. ಕೆಲಸ ಬೇಗ, ಎಣ್ಣೆ ಉತ್ತಮ. ಆದರೆ ಬಂಡವಾಳ ಹೆಚ್ಚು. ಒತ್ತಡದ ದೊಡ್ಡ ಬಾಯ್ಲರಾದರೆ ಕಾನೂನಿನ ನೋಂದಣಿ, ತಪಾಸಣೆ ಎಲ್ಲ ಉಂಟು.

ಹಂಡೆ ಯಾವ ಲೋಹದ್ದು ಎಂಬುದೂ ಮುಖ್ಯ. ಹಳೆ ಡ್ರಮ್ಮು ಅಗ್ಗಕ್ಕೆ ಸಿಗುತ್ತದೆ ಎಂದು ಕಬ್ಬಿಣದಲ್ಲಿ ಮಾಡಿದರೆ ದಾಲ್ಚಿನ್ನಿ ಎಲೆಯ ಎಣ್ಣೆ, ಪಚೋಲಿ ಎಣ್ಣೆ ಕಪ್ಪಾಗುತ್ತವೆ. ಬಣ್ಣ ಕೆಟ್ಟರೆ ಬೆಲೆಯೂ ಕೆಟ್ಟಿತು. ಹಂಡೆಗೆ ಸಾಧ್ಯವಿಲ್ಲದಿದ್ದರೂ ಆವಿ ತಣಿಯುವ ಕೊಳವೆ ಮತ್ತು ಎಣ್ಣೆ ಬೀಳುವ ಪಾತ್ರೆಯಾದರೂ ಸ್ಟೀಲಿನದ್ದು ಇರಲಿ.

ಕಟ್ಟಿಗೆ ಮತ್ತು ನೀರು

ಇಲ್ಲಿ ಒಂದು ಸಣ್ಣ ವಿಜ್ಞಾನ ತಿಳಿದಿರಬೇಕು. ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಎಷ್ಟು ಶಾಖ ಬೇಕೋ, ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಅದರ ಸುಮಾರು ಏಳು ಪಟ್ಟು ಬೇಕು. ಆದ್ದರಿಂದ ಹಂಡೆ ಕುದಿ ಬಂದ ಮೇಲೆಯೇ ನಿಜವಾದ ಕಟ್ಟಿಗೆ ಖರ್ಚು ಶುರು. ಬಚ್ಚಲಿನ ಹಂಡೆಯ ಲೆಕ್ಕದಲ್ಲಿ ಕಟ್ಟಿಗೆ ಅಂದಾಜು ಮಾಡಿದರೆ ಮೋಸ ಹೋಗುತ್ತೀರಿ.

ಒಲೆಗೆ ಕೊಟ್ಟ ಅದೇ ಶಾಖವನ್ನು ಇನ್ನೊಂದು ಕಡೆ ತಣ್ಣೀರು ಹೀರಿಕೊಳ್ಳಬೇಕು. ತಣಿಸುವ ನೀರು 25 ಡಿಗ್ರಿಯಷ್ಟು ಬಿಸಿಯಾಗಿ ಹೊರಬರುತ್ತದೆ ಎಂದು ಹಿಡಿದರೆ, ಒಂದು ಲೀಟರ್ ಆವಿ ತಣಿಯಲು ಸುಮಾರು 25 ಲೀಟರ್ ತಣ್ಣೀರು ಹರಿಯಬೇಕು. ಒಂದು ಸಲದ ಬೇಯಿಸುವಿಕೆಯಲ್ಲಿ 100 ಲೀಟರ್ ನೀರು ಆವಿಯಾದರೆ 2,500 ಲೀಟರ್ ತಣ್ಣೀರು! ಪಂಪಿನಲ್ಲಿ ಎತ್ತಿ ಸುರಿಯುವವರಿಗೆ ಇದು ಭಾರ. ಆದರೆ ನೆರಿಯದ ಕಡೆ ಮೇಲಿನ ತೋಡಿನಿಂದ ಪೈಪಿನಲ್ಲಿ ಇಳುಕಲಿಗೆ ತಾನಾಗಿ ನೀರು ಬರುವ ತೋಟಗಳು ಇವೆ. ಅಂಥವರಿಗೆ ಇದು ದೊಡ್ಡ ಅನುಕೂಲ. ಹೊರಬಂದ ನೀರು ಹಾಳಾಗುವುದಿಲ್ಲ. ಬಿಸಿ ಮಾತ್ರ ಆಗಿರುತ್ತದೆ. ಕೆರೆಗೆ ಬಿಟ್ಟು ತಣಿದ ಮೇಲೆ ಅಡಿಕೆ ತೋಟಕ್ಕೇ ಹಾಯಿಸಬಹುದು. ಏಪ್ರಿಲ್-ಮೇಯಲ್ಲಿ ತೋಡು ಬತ್ತುವ ಜಾಗದಲ್ಲಿ ಮಾತ್ರ ಆ ತಿಂಗಳುಗಳಲ್ಲಿ ಹಂಡೆ ನಿಲ್ಲಿಸಲೇಬೇಕು.

ತಣ್ಣೀರು ಸಾಕಾಗುತ್ತಿದೆಯೇ ಎಂದು ತಿಳಿಯುವುದು ಸುಲಭ. ಕೊಳವೆಯ ಬಾಯಿಯಿಂದ ಬೀಳುವ ನೀರಿಗೆ ಕೈ ಒಡ್ಡಿ. ಕೈ ಸುಡುವಷ್ಟು ಬಿಸಿ ಇದ್ದರೆ, ಅಥವಾ ಬಾಯಿಯಲ್ಲಿ ಹೊಗೆಯಂತೆ ಆವಿ ಕಂಡರೆ, ನಿಮ್ಮ ಎಣ್ಣೆ ಗಾಳಿಗೆ ಹೋಗುತ್ತಿದೆ. ಊರಿಡೀ ಪರಿಮಳ ಬರುವುದು ಒಳ್ಳೆಯ ಲಕ್ಷಣ ಅಲ್ಲ!

ಕಟ್ಟಿಗೆಗೆ ಕಾಡಿನ ಕಡೆ ನೋಡಬೇಕಾಗಿಲ್ಲ. ತೆಂಗಿನ ಸಿಪ್ಪೆ, ಮಡಲು, ಒಣಗಿದ ಅಡಿಕೆ ಸೋಗೆ, ಹಳೆ ರಬ್ಬರ್ ಮರದ ಗೆಲ್ಲು ಎಲ್ಲವೂ ಆಗುತ್ತದೆ. ಬೆಂದ ಹುಲ್ಲನ್ನು ಬಿಸಿಲಿಗೆ ಹರವಿ ಒಣಗಿಸಿದರೆ ಮುಂದಿನ ಸಲಕ್ಕೆ ಅದೇ ಉರುವಲು. ಮಳೆಗಾಲದಲ್ಲಿ ಇದು ನಡೆಯುವುದಿಲ್ಲ. ಆಗ ಅಡಿಕೆ ಬುಡಕ್ಕೆ ಮುಚ್ಚಿಗೆ ಮಾಡಿದರೆ ಆಯಿತು.

ಯಾವ ಗಿಡ?

ಮಜ್ಜಿಗೆ ಹುಲ್ಲು: ಇದು ಬಿಸಿಲಿನ ಬೆಳೆ. ಅಡಿಕೆ ತೋಟದ ನೆರಳಲ್ಲಿ ಹಸಿರಾಗಿ ಉದ್ದ ಬೆಳೆದೀತು, ಎಣ್ಣೆ ಕಡಿಮೆ. ಗುಡ್ಡೆಯ ಬೋಳು ಜಾಗ, ಹೊಸ ರಬ್ಬರ್ ತೋಟದ ಮೊದಲ ಎರಡು ಮೂರು ವರ್ಷದ ಸಾಲಿನ ಎಡೆ ಇದಕ್ಕೆ ಸರಿ. ಕೇರಳದ ಎರ್ನಾಕುಳಂ ಜಿಲ್ಲೆಯ ಓಡಕ್ಕಾಲಿಯಲ್ಲಿ ಇದಕ್ಕಾಗಿಯೇ 1951ರಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿಂದ ಬಂದ ಒಡಿ-19 ಅಥವಾ ಸುಗಂಧಿ ತಳಿ ಹೆಚ್ಚು ಮಳೆಯ ನಮ್ಮಂಥ ಜಾಗಕ್ಕೆ ಹೊಂದುತ್ತದೆ. ಸಿಮ್ಯಾಪ್ ಸಂಸ್ಥೆಯ ಕೃಷ್ಣಾ ಇನ್ನೊಂದು ತಳಿ. ಹಸಿ ಹುಲ್ಲಿನಲ್ಲಿ ನೂರಕ್ಕೆ ಅರ್ಧ ಕಿಲೋ ಆಸುಪಾಸು ಎಣ್ಣೆ. ಅದರಲ್ಲಿ ನೂರಕ್ಕೆ 75ರಿಂದ 85 ಭಾಗ ಸಿಟ್ರಾಲ್ ಎಂಬ ವಸ್ತು. ಖರೀದಿದಾರ ದುಡ್ಡು ಕೊಡುವುದು ಈ ಸಿಟ್ರಾಲಿಗೆ.

ಸಿಟ್ರೊನೆಲ್ಲಾ: ನೋಡಲು ಹುಲ್ಲಿನ ಅಣ್ಣನ ಹಾಗೆ. ಇದಕ್ಕೂ ಬಿಸಿಲು ಬೇಕು. ಎಣ್ಣೆ ಸ್ವಲ್ಪ ಹೆಚ್ಚು, ನೂರು ಕಿಲೋ ಹಸಿಗೆ ಒಂದು ಕಿಲೋದ ಹತ್ತಿರ. ಸೋಪು, ನೆಲ ಒರೆಸುವ ದ್ರಾವಣ, ಸೊಳ್ಳೆ ನಿವಾರಕಗಳಿಗೆ ಹೋಗುತ್ತದೆ.

ಪಚೋಲಿ: ಹೆಂಗಸರು ಮುಡಿಯುವ ಪಚ್ಚೆತೆನೆಯ ಹತ್ತಿರದ ನೆಂಟ. ನೆರಳು ಇಷ್ಟಪಡುವ ಗಿಡವಾದ್ದರಿಂದ ಅಡಿಕೆ, ತೆಂಗಿನ ಎಡೆಯಲ್ಲಿ ಬೆಳೆಯಬಹುದು. ನೆಟ್ಟ ಐದು ತಿಂಗಳಿಗೆ ಮೊದಲ ಕೊಯ್ಲು. ಇದರ ಸೊಪ್ಪನ್ನು ನೆರಳಲ್ಲಿ ಒಣಗಿಸಿಯೇ ಬೇಯಿಸುವುದು. 100 ಕಿಲೋ ಹಸಿ ಒಣಗಿ ಸುಮಾರು 20 ಕಿಲೋ ಆಗುತ್ತದೆ. ಒಣ ಸೊಪ್ಪಿನ ನೂರು ಕಿಲೋಗೆ ಎರಡೂವರೆ ಕಿಲೋದಷ್ಟು ಎಣ್ಣೆ. ಅಂದರೆ 100 ಕಿಲೋ ಹಸಿ ಸೊಪ್ಪಿಗೆ ಅರ್ಧ ಕಿಲೋ. ಹುಲ್ಲು ಎರಡು ಮೂರು ಗಂಟೆಯಲ್ಲಿ ಎಣ್ಣೆ ಬಿಟ್ಟರೆ ಇದಕ್ಕೆ ಎಂಟು ಹತ್ತು ಗಂಟೆ ಉರಿಸಬೇಕು. ಬೇರುಗಂಟು ಜಂತುಹುಳು ಇದರ ದೊಡ್ಡ ಶತ್ರು. ಕಾಳುಮೆಣಸಿನ ಬೇರಿಗೂ ಅದೇ ಹುಳು ಬರುವುದರಿಂದ, ಮೆಣಸಿನ ಬಳ್ಳಿ ಹಬ್ಬಿಸಿದ ಅಡಿಕೆ ತೋಟದಲ್ಲಿ ಪಚೋಲಿ ನೆಡುವವರು ಎರಡು ಸಲ ಯೋಚಿಸಬೇಕು. ಸಸಿಯ ಬೇರು ತೊಳೆದು ಗಂಟು ಇದೆಯೇ ನೋಡದೆ ತೋಟದೊಳಗೆ ತರಬೇಡಿ.

ದಾಲ್ಚಿನ್ನಿ ಎಲೆ: ಚಕ್ಕೆಗೆಂದು ಗಿಡ ಬೆಳೆದವರಿಗೆ ಗೆಲ್ಲು ಸವರಿದಾಗ ಸಿಗುವ ಎಲೆ ಉಪ ಉತ್ಪನ್ನ. ಇದರ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಯುಜಿನಾಲ್, ಲವಂಗದ ವಾಸನೆಯ ವಸ್ತು. ಒಂದು ವಿಶೇಷ ನೆನಪಿಡಿ. ಹುಲ್ಲಿನ ಎಣ್ಣೆ ನೀರಿನ ಮೇಲೆ ತೇಲುತ್ತದೆ, ದಾಲ್ಚಿನ್ನಿ ಎಲೆಯ ಎಣ್ಣೆ ನೀರಿಗಿಂತ ಭಾರವಾಗಿ ತಳಕ್ಕೆ ಇಳಿಯುತ್ತದೆ. ತೇಲುವ ಎಣ್ಣೆಗೆ ಮಾಡಿದ ಪಾತ್ರೆಯಲ್ಲಿ ನೀರು ತಳದಿಂದ ಹೊರಹೋಗುತ್ತದೆ. ಅದರಲ್ಲಿ ದಾಲ್ಚಿನ್ನಿ ಹಿಡಿದರೆ ನೀರಿನ ಜೊತೆ ಎಣ್ಣೆಯೂ ತೋಡು ಪಾಲು! ಕಾಡಿನ ದಾಲ್ಚಿನ್ನಿಯ ಎಲೆ ತರುವ ಆಲೋಚನೆ ಬೇಡ. ಮೀಸಲು ಅರಣ್ಯದಿಂದ ಅನುಮತಿ ಇಲ್ಲದೆ ಎಲೆ ಕೊಯ್ದರೂ ಅದು ಕೇಸು.

ಅರ್ಧ ಎಕ್ರೆಯ ಲೆಕ್ಕ

ಈಗ ಕಾಗದ-ಪೆನ್ನು ತೆಗೆದುಕೊಳ್ಳಿ. ಮಜ್ಜಿಗೆ ಹುಲ್ಲನ್ನೇ ಉದಾಹರಣೆ ಇಟ್ಟುಕೊಳ್ಳುವಾ.

60×45 ಸೆಂಟಿಮೀಟರ್ ಅಂತರದಲ್ಲಿ ಎಕ್ರೆಗೆ ಸುಮಾರು 15,000 ಕಡ್ಡಿ ಹಿಡಿಯುತ್ತದೆ. ಅರ್ಧ ಎಕ್ರೆಗೆ 7,500. ಅಷ್ಟನ್ನೂ ದುಡ್ಡು ಕೊಟ್ಟು ತರುವ ಅಗತ್ಯ ಇಲ್ಲ. ಚೆನ್ನಾಗಿ ಬೆಳೆದ ಒಂದು ವರ್ಷದ ಬುಡವನ್ನು ಬಿಡಿಸಿದರೆ ಮೂವತ್ತು ನಲವತ್ತು ಕಡ್ಡಿ ಸಿಗುತ್ತದೆ. ಈ ವರ್ಷ 200 ಬುಡ ಬೆಳೆಸಿದವರಿಗೆ ಮುಂದಿನ ವರ್ಷದ ಅರ್ಧ ಎಕ್ರೆ ನೆಡುಸಾಮಗ್ರಿ ಮನೆಯಲ್ಲೇ ಆಯಿತು. ಒಂದು ಸಲ ನೆಟ್ಟರೆ ನಾಲ್ಕೈದು ವರ್ಷ ಬೆಳೆ.

ಸಾಧಾರಣ ನಿರ್ವಹಣೆಯಲ್ಲಿ ಎಕ್ರೆಗೆ ವರ್ಷಕ್ಕೆ 8 ಟನ್ ಹಸಿ ಹುಲ್ಲು ಎಂದು ಹಿಡಿಯಿರಿ. ಅರ್ಧ ಎಕ್ರೆಗೆ 4 ಟನ್. ನೂರಕ್ಕೆ ಅರ್ಧದ ಲೆಕ್ಕದಲ್ಲಿ ಎಣ್ಣೆ 20 ಕಿಲೋ. ವರ್ಷಪೂರ್ತಿಗೆ ಇಷ್ಟೇ. ಈ 20 ಕಿಲೋವನ್ನು ನೀವು ವಿಚಾರಿಸಿದ ಇವತ್ತಿನ ದರದಿಂದ ಗುಣಿಸಿ. ಮತ್ತೆ ಅದರ ಅರ್ಧ ದರದಿಂದಲೂ ಗುಣಿಸಿ. ಎರಡನೇ ಉತ್ತರದಲ್ಲೂ ಕೊಯ್ಲಿನ ಆಳು, ಸಾಗಾಟ, ಬೇಯಿಸುವ ಬಾಡಿಗೆ ಕಳೆದು ಏನಾದರೂ ಉಳಿಯುವುದಾದರೆ ಮಾತ್ರ ಮುಂದುವರಿಯಿರಿ. ಒಬ್ಬ ಆಳು ದಿನಕ್ಕೆ ಎಷ್ಟು ಕಿಲೋ ಹುಲ್ಲು ಕೊಯ್ದಾನು ಎಂದು ಗೊತ್ತಿಲ್ಲದಿದ್ದರೆ ನಿಮ್ಮ ಗುಡ್ಡೆಯ ಮುಳಿಹುಲ್ಲನ್ನೇ ಅರ್ಧ ದಿನ ಕೊಯ್ಸಿ ತೂಗಿ ನೋಡಿ.

ಈಗ ಹಂಡೆಗೆ ಬರುವಾ. ಒಂದು ಸಲಕ್ಕೆ 500 ಕಿಲೋ ಹಿಡಿಯುವ ಹಂಡೆ. ನಿಮ್ಮ 4 ಟನ್ ಹುಲ್ಲಿಗೆ ಎಂಟು ಸಲ ಉರಿದರೆ ಮುಗಿಯಿತು. ದಿನಕ್ಕೆ ಎರಡು ಸಲದಂತೆ ನಾಲ್ಕೇ ದಿನ! ಉಳಿದ 361 ದಿನ ಹಂಡೆ ಕೊಟ್ಟಿಗೆಯಲ್ಲಿ ಮಲಗಿರುತ್ತದೆ, ಸಾಲದ ಬಡ್ಡಿ ಮಾತ್ರ ಎಚ್ಚರ ಇರುತ್ತದೆ.

ತಿರುಗಿಸಿ ನೋಡಿ. ಅದೇ ಹಂಡೆಗೆ ವರ್ಷದಲ್ಲಿ 100 ದಿನ ಕೆಲಸ ಕೊಡಬೇಕಾದರೆ 100 ಟನ್ ಹುಲ್ಲು ಬೇಕು. ಅಂದರೆ ಹನ್ನೆರಡೂವರೆ ಎಕ್ರೆ. ಅರ್ಧರ್ಧ ಎಕ್ರೆಯ 25 ಮನೆಗಳು. ಸುಗಂಧ ಎಣ್ಣೆಯಲ್ಲಿ ಒಬ್ಬಂಟಿ ಸಣ್ಣ ಕೃಷಿಕನಿಗೆ ಹಂಡೆ ಹೊರೆ, 25 ಮನೆ ಸೇರಿದರೆ ಅದೇ ಆಸ್ತಿ. ಗಿಡದ ಆಯ್ಕೆಗಿಂತ ಮೊದಲು ಈ ಪ್ರಶ್ನೆ ಇತ್ಯರ್ಥ ಆಗಬೇಕು.

ಊರಿಗೊಂದು ಹಂಡೆ ಬೇಕು ಎನ್ನಲು ಇನ್ನೊಂದು ಕಾರಣ ಇದೆ. 500 ಕಿಲೋ ಹಸಿ ಹುಲ್ಲನ್ನು ನೆರಿಯದಿಂದ ಮಂಗಳೂರಿಗೆ ಸಾಗಿಸಲು ಪಿಕಪ್ ಬೇಕು. ದಾರಿಯಲ್ಲಿ ಒತ್ತಿ ತುಂಬಿದ ಹುಲ್ಲು ಬಿಸಿಯಾಗಿ ಕೆಡುತ್ತದೆ. ಅದನ್ನೇ ಊರಲ್ಲಿ ಬೇಯಿಸಿದರೆ ಎರಡೂವರೆ ಕಿಲೋ ಎಣ್ಣೆ. ಚೀಲದಲ್ಲಿ ಹಿಡಿದು ಬಸ್ಸಿಗೆ ಹತ್ತಬಹುದು.

ಪಚೋಲಿಗೆ ಮಾತ್ರ ಈ ನಿಯಮ ಸ್ವಲ್ಪ ಸಡಿಲ. ಸರಿಯಾಗಿ ಒಣಗಿಸಿದ ಸೊಪ್ಪು ಕೆಲವು ವಾರ ಕೆಡದೆ ಇರುತ್ತದೆ, ಭಾರವೂ ಐದನೇ ಒಂದು ಪಾಲಿಗೆ ಇಳಿದಿರುತ್ತದೆ. ದೂರದ ಹಂಡೆಗೂ ಒಯ್ಯಬಹುದು, ಒಣ ಎಲೆಯಾಗಿಯೇ ಮಾರಲೂ ಬಹುದು. ಸುತ್ತಮುತ್ತ ಜೊತೆಗಾರರು ಸಿಗದವರು ನೋಡಬಹುದಾದ ದಾರಿ ಇದು.

ಮಳೆ ಎಂಬ ಯಜಮಾನ

ನಾಲ್ಕು ಸಾವಿರ ಮಿಲ್ಲಿಮೀಟರ್ ಆಸುಪಾಸು ಮಳೆ ಬೀಳುವ ಜಾಗ ನಮ್ಮದು. ಬಯಲುಸೀಮೆಯ ಪುಸ್ತಕದಲ್ಲಿ ಬರೆದ ಕೊಯ್ಲಿನ ಪಟ್ಟಿ ಇಲ್ಲಿ ನಡೆಯುವುದಿಲ್ಲ. ಜುಲೈಯಲ್ಲಿ ಕೊಯ್ದ ಹುಲ್ಲಿನಲ್ಲಿ ನೀರೇ ಹೆಚ್ಚು. ರಾಶಿ ಹಾಕಿದರೆ ಮುಗ್ಗುತ್ತದೆ. ಪಚೋಲಿ ಒಣಗಿಸಲು ಹೊರಟರೆ ಬೂಸ್ಟು.

ಆದ್ದರಿಂದ ಮೇ ಕೊನೆ-ಜೂನಿನಲ್ಲಿ ನೆಟ್ಟು, ಮಳೆಗಾಲವನ್ನು ಬೇರು ಬಿಡಲು ಬಿಟ್ಟು, ಸೆಪ್ಟೆಂಬರ್ ಕೊನೆ-ಅಕ್ಟೋಬರದಲ್ಲಿ ಮೊದಲ ಕೊಯ್ಲು ಮಾಡುವುದು ವಾಸಿ. ಮತ್ತೆ ಡಿಸೆಂಬರ್, ಮತ್ತೆ ಫೆಬ್ರವರಿ-ಮಾರ್ಚ್. ನೆಲದಿಂದ 10-15 ಸೆಂಟಿಮೀಟರ್ ಮೇಲೆ ಕತ್ತರಿಸಿ. ಕೊಯ್ದದ್ದನ್ನು ನೆರಳಲ್ಲಿ ತೆಳುವಾಗಿ ಹರವಿ ಒಂದು ದಿನ ಬಾಡಿಸಿದರೆ ಹಂಡೆಗೆ ಹೆಚ್ಚು ಹಿಡಿಯುತ್ತದೆ, ಕಟ್ಟಿಗೆ ಉಳಿಯುತ್ತದೆ. ಬಿಸಿಲಿಗೆ ಹಾಕಿದರೆ ಎಣ್ಣೆ ಹಾರುತ್ತದೆ.

ಅಡಿಕೆ ಸುಲಿತ, ಕೊಯ್ಲು ಎಲ್ಲ ಇದೇ ಡಿಸೆಂಬರ್-ಮಾರ್ಚಿನಲ್ಲಿ ಬರುತ್ತದಲ್ಲಾ ಎಂದು ಕೇಳುವವರಿದ್ದಾರೆ. ಹೌದು. ಆಳಿನ ಪೈಪೋಟಿ ನಿಜವಾದ ಸಮಸ್ಯೆ. ಮನೆಯವರೇ ಕೊಯ್ಯಬಲ್ಲಷ್ಟು ಮಾತ್ರ ನೆಡುವುದು ಜಾಣತನ.

ಇಳುಕಲಿನಲ್ಲಿ ಸಾಲನ್ನು ಅಡ್ಡಕ್ಕೆ, ಸಮಪಾತಳಿಯಲ್ಲಿ ನೆಡಿ. ದಟ್ಟ ಬುಡ ಮಣ್ಣು ಹಿಡಿಯುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ತಪ್ಪಲಿನ ಹೊಳೆಗಳು ಉಕ್ಕಿ ಮರಳು, ಮರದ ದಿಮ್ಮಿ ತೋಟಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಗುಡ್ಡವೇ ಜಾರಿದರೆ ಹುಲ್ಲು ತಡೆಯಲಾರದು, ಆದರೆ ದಿನನಿತ್ಯದ ಮಣ್ಣುಸವಕಳಿಗೆ ಒಳ್ಳೆಯ ತಡೆ. ಹಂಡೆಯ ಶೆಡ್ಡನ್ನು ನೀರು ಹತ್ತಿರ ಎಂದು ಹೊಳೆಬದಿಗೆ ಇಳಿಸಬೇಡಿ. ಪೈಪು ಎಳೆಯುವ ಖರ್ಚು ಶೆಡ್ಡು ಕಳಕೊಳ್ಳುವ ಖರ್ಚಿಗಿಂತ ಕಡಿಮೆ.

ಕೊಚ್ಚಿ ಎಣ್ಣೆಯ ಪಾಠ

ಒಂದು ಕಾಲದಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆಗೆ ಲೋಕದ ಪೇಟೆಯಲ್ಲಿ ‘ಕೊಚ್ಚಿ ಎಣ್ಣೆ’ ಎಂದೇ ಹೆಸರು. ಕೇರಳದ ಗುಡ್ಡಗಳಲ್ಲಿ ಹುಲ್ಲು, ಅಲ್ಲೇ ತಾಮ್ರದ ಹಂಡೆ, ಎಣ್ಣೆ ಕೊಚ್ಚಿ ಬಂದರಿನಿಂದ ಹಡಗಿಗೆ. ಅದರ ಸಿಟ್ರಾಲಿನಿಂದ ಸುಗಂಧ ವಸ್ತು, ವಿಟಮಿನ್ ಎ ತಯಾರಾಗುತ್ತಿತ್ತು. ಆಮೇಲೆ ಕಾರ್ಖಾನೆಯಲ್ಲೇ ಸಿಟ್ರಾಲ್ ಮಾಡುವ ವಿಧಾನ ಬಂತು. ಚೀನಾದಿಂದ ಲಿಟ್ಸಿಯಾ ಎಂಬ ಮರದ ಕಾಯಿಯ ಎಣ್ಣೆ ಬಂತು, ಅದರಲ್ಲೂ ಸಿಟ್ರಾಲ್ ಧಾರಾಳ. ಹುಲ್ಲಿನ ಎಣ್ಣೆಯ ಬೇಡಿಕೆ ಕುಸಿಯಿತು. ಹುಲ್ಲಿದ್ದ ಎಷ್ಟೋ ಗುಡ್ಡಗಳಿಗೆ ರಬ್ಬರ್ ಬಂತು. ಹುಲ್ಲು ಬೆಳೆದವರ ತಪ್ಪೇನೂ ಇರಲಿಲ್ಲ. ದೂರದ ಕಾರ್ಖಾನೆಯ ಒಂದು ಬದಲಾವಣೆ ಗುಡ್ಡೆಯ ಬೆಳೆಯನ್ನೇ ಬದಲಿಸಿತು.

ಇನ್ನೊಂದು ಉದಾಹರಣೆ ಉತ್ತರ ಪ್ರದೇಶದ ಬಾರಾಬಂಕಿ ಕಡೆಯ ಪುದಿನ, ಅಂದರೆ ಮೆಂಥಾ. ಅಲ್ಲಿ ಹಳ್ಳಿಹಳ್ಳಿಯಲ್ಲಿ ಬಾಡಿಗೆ ಹಂಡೆ ಇದೆ. ಸಣ್ಣ ರೈತ ಸೊಪ್ಪು ತಂದು ಬೇಯಿಸಿ, ಬಾಡಿಗೆ ಕೊಟ್ಟು, ಎಣ್ಣೆ ಒಯ್ಯುತ್ತಾನೆ. ದರ ಚೆನ್ನಾಗಿಲ್ಲದಿದ್ದರೆ ಮನೆಯಲ್ಲಿ ಇಟ್ಟು ಕಾಯುತ್ತಾನೆ. ಮೆಂಥಾ ಎಣ್ಣೆಯಲ್ಲಿ ನಮ್ಮ ದೇಶ ಲೋಕಕ್ಕೇ ಮೊದಲು ಬಂದದ್ದು ಈ ಊರ ಹಂಡೆಗಳಿಂದ. ಹಾಗಿದ್ದೂ ಕೃತಕ ಮೆಂಥಾಲಿನ ಪೈಪೋಟಿಯಲ್ಲಿ ಅಲ್ಲಿಯೂ ದರ ಏರಿಳಿಯುತ್ತಲೇ ಇರುತ್ತದೆ.

ನಮಗೇನು ಹೊಸತೇ? 2003ರ ಹೊತ್ತಿಗೆ ವೆನಿಲ್ಲಾ ಹಸಿಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಕಂಡು, ಮತ್ತೆ ಕೇಳುವವರಿಲ್ಲದೆ ಬಳ್ಳಿ ಕಿತ್ತದ್ದನ್ನು ನಮ್ಮ ಜಿಲ್ಲೆ ನೋಡಿದೆ. ಅಡಿಕೆ ದರ ಬಿದ್ದ ಕಾಲದಲ್ಲಿ, 1973ರಲ್ಲಿ ಕ್ಯಾಂಪ್ಕೊ ಹುಟ್ಟಿ ಬೆಳೆಗಾರರಿಗೆ ಬೆನ್ನೆಲುಬಾಯಿತು. ಹುಲ್ಲಿನ ಎಣ್ಣೆಗೆ ಅಂಥ ಬೆನ್ನೆಲುಬು ಇಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಹೆಜ್ಜೆ ಇಡಬೇಕು.

ಆದರೆ ಎಣ್ಣೆಗೆ ಒಂದು ಗುಣ ಇದೆ. ವೆನಿಲ್ಲಾ ಹಸಿಕೋಡಿನ ಹಾಗೆ ಅದು ನಾಳೆಗೆ ಕೊಳೆಯುವುದಿಲ್ಲ. ನೀರಿನಂಶ ಪೂರ್ತಿ ತೆಗೆದು, ಶೀಸೆ ಕಂಠದ ತನಕ ತುಂಬಿಸಿ, ಬಿಗಿ ಮುಚ್ಚಿ, ಕತ್ತಲೆಯಲ್ಲಿ ತಂಪಾಗಿ ಇಟ್ಟರೆ ತಿಂಗಳುಗಟ್ಟಲೆ ಕಾಯಬಹುದು. ಪಚೋಲಿ ಎಣ್ಣೆಯಂತೂ ಹಳತಾದಷ್ಟು ಪರಿಮಳ ಹದವಾಗುತ್ತದೆ. ಅರ್ಧ ತುಂಬಿದ ಡಬ್ಬಿಯಲ್ಲಿ ಗಾಳಿ ಕೂತು ಎಣ್ಣೆ ಕೆಡುತ್ತದೆ. ತೆಳು ಪ್ಲಾಸ್ಟಿಕ್ ಬಾಟ್ಲಿ ಬೇಡವೇ ಬೇಡ. ಎಣ್ಣೆ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು

‘ಗಿಡ ನಾವು ಕೊಡುತ್ತೇವೆ, ಎಲೆ ನಾವೇ ಕೊಳ್ಳುತ್ತೇವೆ’ ಎಂದು ಬರುವವರು ಆಗಾಗ ಬರುತ್ತಾರೆ. ಎಲ್ಲರೂ ಮೋಸಗಾರರಲ್ಲ. ಆದರೆ ಈ ಪ್ರಶ್ನೆಗಳನ್ನು ಕೇಳಿ:

1. ನಿಮ್ಮ ಹಂಡೆ ಎಲ್ಲಿದೆ? ಉರಿಯುವ ದಿನ ಬಂದು ನೋಡಬಹುದೇ?
2. ಕಳೆದ ವರ್ಷ ನಿಮಗೆ ಎಲೆ ಕೊಟ್ಟವರು ಯಾರು? ಅವರ ಹತ್ತಿರ ಮಾತಾಡಬಹುದೇ?
3. ದುಡ್ಡು ಎಲೆಯ ತೂಕಕ್ಕೋ, ಎಣ್ಣೆಯ ಪ್ರಮಾಣಕ್ಕೋ? ಎಣ್ಣೆಗಾದರೆ ಅಳೆಯುವಾಗ ನಾವು ಎದುರಿಗೆ ಇರಬಹುದೇ?
4. ಪೇಟೆ ದರ ಬಿದ್ದರೆ ಎಷ್ಟರ ತನಕ ಕೊಳ್ಳುತ್ತೀರಿ? ಅದು ಕಾಗದದಲ್ಲಿ ಇದೆಯೇ?

ಸಸಿ ಮಾರಿಯೇ ಲಾಭ ಮಾಡುವವರು ಮೊದಲ ಪ್ರಶ್ನೆಗೇ ತಡವರಿಸುತ್ತಾರೆ.

ಒಟ್ಟಾಗಿ ಹಂಡೆ ಇಡುವವರಿಗೆ

ಮಾದರಿಗೆ ದೂರ ಹೋಗಬೇಕಾಗಿಲ್ಲ. ನಮ್ಮ ಹಾಲಿನ ಸೊಸೈಟಿಯನ್ನೇ ನೋಡಿ. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಹೋದರೂ ಪ್ರತಿಯೊಬ್ಬರದ್ದೂ ಅಳತೆ, ಫ್ಯಾಟು ಬೇರೆ ಬರೆದಿಡುತ್ತಾರೆ. ಹಂಡೆಯಲ್ಲೂ ಹಾಗೇ. ಒಬ್ಬೊಬ್ಬರ ಹುಲ್ಲು ಬೇರೆ ಬೇರೆ ಬೇಯಿಸುವಷ್ಟು ಇದ್ದರೆ ಬೇರೆಯೇ ಬೇಯಿಸಿ ಎಣ್ಣೆ ತೂಗಿ ಬರೆಯಿರಿ. ಸೇರಿಸಿ ಬೇಯಿಸುವುದಾದರೆ ಬಾಡಿದ್ದೋ ಒದ್ದೆಯೋ ಎಂದು ಮೊದಲೇ ನಿಯಮ ಮಾಡಿ. ಮಳೆನೀರು ಸೋರುವ ಹುಲ್ಲು ತಂದವರಿಗೂ ಬಾಡಿಸಿ ತಂದವರಿಗೂ ಒಂದೇ ತೂಕದ ಲೆಕ್ಕ ಹಿಡಿದರೆ ಎರಡೇ ತಿಂಗಳಲ್ಲಿ ಮನಸ್ತಾಪ.

ಹಂಡೆ ತುಂಬಿಸುವಾಗ ಬದಿ ಬದಿಗೆ ಒತ್ತಿ ಸಮನಾಗಿ ತುಳಿಯಬೇಕು. ಎಡೆ ಬಿಟ್ಟರೆ ಆವಿ ಆ ದಾರಿಯಲ್ಲೇ ನುಗ್ಗಿ ಉಳಿದ ಹುಲ್ಲು ಬೇಯದೆ ಉಳಿಯುತ್ತದೆ. ಎಣ್ಣೆಯ ಹೆಚ್ಚಿನ ಪಾಲು ಮೊದಲ ಗಂಟೆಯಲ್ಲೇ ಬರುತ್ತದೆ. ಆಮೇಲೆ ಕಾಲು ಗಂಟೆಗೊಮ್ಮೆ ಬೇರೆ ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಎಣ್ಣೆಯ ಪದರ ಕಾಣದ ಮೇಲೂ ಉರಿಸಿದರೆ ಕಟ್ಟಿಗೆ ದಂಡ. ಬೆಳೆ ಬದಲಿಸುವಾಗ ಬರೀ ನೀರಿನ ಆವಿ ಹಾಯಿಸಿ ಹಂಡೆ, ಕೊಳವೆ ತೊಳೆಯಿರಿ. ಇಲ್ಲದಿದ್ದರೆ ಪಚೋಲಿಗೆ ಹುಲ್ಲಿನ ವಾಸನೆ ಸೇರುತ್ತದೆ.

ಮಾರುವಾಗ ಮೊದಲ ಗಿರಾಕಿ ದೊಡ್ಡ ಕಂಪೆನಿಯೇ ಆಗಬೇಕಾಗಿಲ್ಲ. ಬೆಂಗಳೂರು-ಮೈಸೂರಿನ ಅಗರಬತ್ತಿ ತಯಾರಕರು, ಊರ ಸೋಪು ಮಾಡುವವರು, ನೆಲ ಒರೆಸುವ ದ್ರಾವಣ ಮಾಡುವ ಸ್ವಸಹಾಯ ಗುಂಪುಗಳು ಇದ್ದಾರೆ. ಧರ್ಮಸ್ಥಳದ ದಾರಿಯಲ್ಲಿ ಹೋಗುವ ಯಾತ್ರಿಕರಿಗೆ 10 ಮಿಲ್ಲಿಲೀಟರಿನ ಶೀಸೆ ಮಾರುವ ಪ್ರಯತ್ನವೂ ಮಾಡಬಹುದು. ಆದರೆ ‘ನೋವು ಗುಣಪಡಿಸುತ್ತದೆ’, ‘ಸೊಳ್ಳೆ ಓಡಿಸುತ್ತದೆ’ ಎಂದು ಲೇಬಲಿನಲ್ಲಿ ಬರೆದರೆ ಅದಕ್ಕೆ ಬೇರೆ ಬೇರೆ ಪರವಾನಗಿ ಬೇಕು. ಬರೀ ಸುಗಂಧ ಎಣ್ಣೆ ಎಂದೇ ಮಾರಿ.

ಕೇಂದ್ರದ ಸಿಎಸ್‌ಐಆರ್ 2017ರಲ್ಲಿ ಅರೋಮಾ ಮಿಷನ್ ಶುರುಮಾಡಿತು. ಅದರ ಅಂಗಸಂಸ್ಥೆ ಸಿಮ್ಯಾಪಿನ ಕೇಂದ್ರ ಬೆಂಗಳೂರಿನ ಅಲ್ಲಾಳಸಂದ್ರದಲ್ಲಿದೆ. ತಳಿ, ತರಬೇತಿ, ಎಣ್ಣೆಯ ಪರೀಕ್ಷೆ ಬಗ್ಗೆ ಅಲ್ಲಿ ವಿಚಾರಿಸಬಹುದು. ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಮನೆಯವರು ಒಟ್ಟಾಗಿ ಹೋದರೆ ಮಾತಿಗೂ ತೂಕ.

ಮನೆಯಲ್ಲೇ ಒಂದು ಪರೀಕ್ಷೆ

ಹಂಡೆಗೆ ಸಾಲ ಮಾಡುವ ಮೊದಲು 10 ಲೀಟರಿನ ಹಳೆ ಕುಕ್ಕರಿನಲ್ಲಿ ಒಂದು ಸಲ ಮಾಡಿ ನೋಡಿ. ತಳದಲ್ಲಿ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಕತ್ತರಿಸಿದ ಒಂದು ಕಿಲೋ ಮಜ್ಜಿಗೆ ಹುಲ್ಲು. ವೆಯಿಟ್ ತೆಗೆದ ತೂತಿಗೆ ತೆಳು ತಾಮ್ರದ ಕೊಳವೆ ಬಿಗಿಯಾಗಿ ಜೋಡಿಸಿ, ಕೊಳವೆಯನ್ನು ಸುರುಳಿ ಸುತ್ತಿ ತಣ್ಣೀರಿನ ಬಕೆಟಿನಲ್ಲಿ ಮುಳುಗಿಸಿ. ಕೊನೆ ಬಾಯಿ ಗಾಜಿನ ಸಪೂರ ಬಾಟ್ಲಿಗೆ. ರಬ್ಬರ್ ಪೈಪು ಬೇಡ, ಎಣ್ಣೆಗೆ ರಬ್ಬರಿನ ವಾಸನೆ ಹಿಡಿಯುತ್ತದೆ. ಸಣ್ಣ ಉರಿಯಲ್ಲಿ ಎರಡು ಗಂಟೆ ಇಡಿ. ನೀರು ಆರದಂತೆ ನೋಡಿಕೊಳ್ಳಿ.

ಎಚ್ಚರಿಕೆ: ಕೊಳವೆ ಕಟ್ಟಿಕೊಂಡರೆ ಕುಕ್ಕರ್ ಸಿಡಿದೀತು. ಮೊದಲೇ ಊದಿ ದಾರಿ ತೆರೆದಿದೆಯೇ ನೋಡಿ. ಸೇಫ್ಟಿ ವಾಲ್ವ್ ತೆಗೆಯಲೇಬೇಡಿ. ಎಣ್ಣೆ ಬೆಂಕಿ ಹಿಡಿಯುವ ವಸ್ತು, ಒಲೆಯಿಂದ ದೂರ ಇಡಿ. ಮಕ್ಕಳ ಮೈಗೆ ಹಚ್ಚಬೇಡಿ, ಯಾರೂ ಕುಡಿಯಬೇಡಿ.

ನೀರಿನ ಮೇಲೆ ತಿಳಿ ಹಳದಿ ಪದರ ನಿಲ್ಲುತ್ತದೆ. ಇಂಜಕ್ಷನ್ ಸಿರಿಂಜಿನಲ್ಲಿ ಎಳೆದು ಅಳೆಯಿರಿ. ಒಂದು ಕಿಲೋಗೆ ನಾಲ್ಕೈದು ಮಿಲ್ಲಿಲೀಟರ್ ಸಿಕ್ಕಿದರೆ ನಿಮ್ಮ ತಳಿ, ನಿಮ್ಮ ಮಣ್ಣು ಪರವಾಗಿಲ್ಲ. ಒಂದೆರಡು ಮಿಲ್ಲಿಲೀಟರ್ ಮಾತ್ರ ಸಿಕ್ಕಿದರೆ ತಳಿ, ನೆರಳು, ಕೊಯ್ಲಿನ ಸಮಯ ಇವುಗಳಲ್ಲಿ ಎಲ್ಲೋ ದೋಷ ಇದೆ, ಅಥವಾ ಕುಕ್ಕರಿನ ಜೋಡಣೆಯಲ್ಲಿ ಆವಿ ಸೋರಿದೆ. ಜುಲೈಯಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ ಮಾಡಿ ಬರೆದಿಟ್ಟರೆ ನಿಮ್ಮ ಜಾಗದ ಮಟ್ಟಿಗೆ ಯಾವ ಪುಸ್ತಕಕ್ಕಿಂತಲೂ ಅದು ಹೆಚ್ಚು ನಂಬಿಕೆಯ ಲೆಕ್ಕ. ಉಳಿದ ಪರಿಮಳದ ನೀರನ್ನು ಚೆಲ್ಲಬೇಡಿ, ನೆಲ ಒರೆಸಲು ಆಗುತ್ತದೆ.

ಎಣ್ಣೆಯ ಒಂದು ಹನಿ ಬಿಳಿ ಕಾಗದಕ್ಕೆ ಹಾಕಿ. ಹುಲ್ಲಿನ ಶುದ್ಧ ಎಣ್ಣೆಯಾದರೆ ಗಾಳಿಗೆ ಹಾರಿಹೋಗಿ ಜಿಡ್ಡು ಉಳಿಯುವುದಿಲ್ಲ. ಪೇಟೆಯಲ್ಲಿ ಎಣ್ಣೆ ಕೊಳ್ಳುವಾಗಲೂ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಪಚೋಲಿಯಂಥ ಗಟ್ಟಿ ಎಣ್ಣೆ ಮಾತ್ರ ನಿಧಾನಕ್ಕೆ ಹಾರುವುದರಿಂದ ಅದಕ್ಕೆ ಇದು ಹೊಂದುವುದಿಲ್ಲ.

ಅಡಿಕೆ ಕಡಿದು ಹುಲ್ಲು ನೆಡಿ ಎಂದು ಯಾರೂ ಹೇಳುವ ಹಾಗಿಲ್ಲ. ಬರಡು ಬಿದ್ದ ಗುಡ್ಡೆಯಲ್ಲಿ 200 ಬುಡ, ಒಂದು ಕುಕ್ಕರ್, ಒಂದು ನೋಟ್‌ಪುಸ್ತಕ. ಮೊದಲ ವರ್ಷಕ್ಕೆ ಇಷ್ಟು ಸಾಕು. ಆ ವರ್ಷದಲ್ಲಿ ಜೊತೆಗಾರರು ಎಷ್ಟು ಮಂದಿ ಸಿಗುತ್ತಾರೆ ಎಂಬುದೂ ಗೊತ್ತಾಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಈಗಾಗಲೇ ಹಂಡೆ ಇಟ್ಟು ಎಣ್ಣೆ ತೆಗೆಯುತ್ತಿರುವವರು, ತೆಗೆದು ನಿಲ್ಲಿಸಿದವರು ಇಬ್ಬರೂ ತಮ್ಮ ಕಟ್ಟಿಗೆ, ಆಳು, ಎಣ್ಣೆಯ ಲೆಕ್ಕ ಬರೆದು ಕಳಿಸಿದರೆ ಓದುವವರಿಗೆ ಉಪಕಾರ. ನಿಲ್ಲಿಸಿದವರ ಲೆಕ್ಕ ಹೆಚ್ಚು ಬೇಕು.